ಅಳತೆ ಕಾಗದದ ಸ್ವರಗಳು

ನನಗೆ ಕೋಪ ಮೂಗಿನ ತುದಿಯಲ್ಲೇ. ಇಪ್ಪತ್ತು ವರ್ಷದಿಂದ ಪ್ರೆಸ್ಸು ನಡೆಸುತ್ತಿದ್ದೇನೆ. ಕೊನೆಯ ಪ್ರೂಫಿನ ಮೇಲೆ ಪೆನ್ಸಿಲ್ ಆಡಿಸಲು ಎಂಥ ಘನ ವಿದ್ವಾಂಸರಿಗೂ ಬಿಟ್ಟವಳಲ್ಲ.

ಆ ಸಲ ಅಚ್ಚಿಗೆ ಬಂದದ್ದು ನಮ್ಮ ದೊಡ್ಡಪ್ಪನದೇ ಪುಸ್ತಕ. ಅವರು ಹೆಸರಾಂತ ಪಿಟೀಲು ವಾದಕರು, ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ನಲವತ್ತು ಕೃತಿಗಳನ್ನು ಸಂಗೀತ ಸಂಘ ಪ್ರಕಟಿಸುತ್ತಿತ್ತು. ಮುಖಪುಟಕ್ಕೊಂದು ಫೋಟೊ ಬೇಕೆಂದು ದೊಡ್ಡಮ್ಮನ ಮನೆಗೆ ಹೋದೆ. ಆಕೆ ಬಟ್ಟೆ ಹೊಲಿಯುವವಳು, ಬೀದಿಗೆಲ್ಲ 'ಟೈಲರಮ್ಮ'.

ಟ್ರಂಕಿನಲ್ಲಿ ಹುಡುಕುವಾಗ, ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಅಳತೆ ಕಾಗದಗಳ ಕಟ್ಟು ಸಿಕ್ಕಿತು. ಒಂದು ತೋಳಿನ ಕಾಗದದ ಮೂಲೆಯಲ್ಲಿ 'ಗುಂಡಮ್ಮ, ಏಳು ವರ್ಷ' ಎಂದಿತ್ತು. ಅದು ನಾನೇ, ಆಗಲೂ ಗುಂಡಗಿದ್ದೆ, ಈಗಲೂ ಹಾಗೇ ಇದ್ದೇನೆ. ಕಾಗದದ ತುಂಬ ದೊಡ್ಡಮ್ಮನ ಅಕ್ಷರದಲ್ಲಿ ಸ್ವರಗಳು. ಒಂದು ಸಾಲನ್ನು ಆರು ಸಲ ಬರೆದು ಐದು ಸಲ ಹೊಡೆದು ಹಾಕಿದ್ದಳು. ಆರನೆಯದು, ದೊಡ್ಡಪ್ಪ ನುಡಿಸಿದಾಗ ಊರೆಲ್ಲ ತಲೆದೂಗುತ್ತಿದ್ದ ಸಾಲು.

"ಇದೇನು ದೊಡ್ಡಮ್ಮ?"

"ನಿನ್ನ ಫ್ರಾಕಿನ ತೋಳು ಕಣೇ," ಎಂದಳು. ಆಮೇಲೆ ಸೂಜಿ ಕೆಳಗಿಟ್ಟಳು. "ನಲವತ್ತೂ ನಾನೇ ಕಟ್ಟಿದ್ದು. ಅವರು ನುಡಿಸಿದ್ರು, ಜನ ಅವರದೇ ಅಂದ್ಕೊಂಡ್ರು. ಅವರು ಅಲ್ಲ ಅನ್ನಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಈ ಪುಸ್ತಕದಲ್ಲಾದ್ರೂ ನನ್ನ ಹೆಸರು ಬರ್ಬೇಕು ಅಂತ ಆಸೆ. ಆದ್ರೆ ಯಾರು ನಂಬ್ತಾರೆ?"

ಹೊಲಿಗೆ ಮಿಷನ್ ತುಳಿಯುತ್ತಲೇ ಇಂಥದ್ದನ್ನು ಕಟ್ಟಿದ್ದಾಳಲ್ಲ ಎಂದು ಹೆಮ್ಮೆಯಾಯಿತು. ಆ ಕೈ ಗುಂಡಿ ಹಾಕುವುದಕ್ಕಷ್ಟೇ ಎಂದುಕೊಂಡಿದ್ದೆ, ನಾಚಿಕೆಯೂ ಆಯಿತು.

ಕಟ್ಟನ್ನು ಪ್ರೆಸ್ಸಿಗೆ ಹೊತ್ತು ತಂದು ಸಂಘದ ಕಾರ್ಯದರ್ಶಿಗಳನ್ನು ಕರೆಸಿದೆ. ಅವರು ಆ ತೋಳಿನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಯಜಮಾನರು ಹೇಳಿದ್ದನ್ನ ಇವರು ಬರ್ಕೊಂಡಿರ್ತಾರೆ, ಬಿಡಮ್ಮ," ಎಂದರು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ, ಹಾಗಾಯ್ತು ನಿಮ್ಮ ಮಾತು! ಹೊಡೆದು ಹಾಕಿದ ಸಾಲಿನ ಅಂಚಿನಲ್ಲಿ ಏನು ಬರೆದಿದೆ ಓದಿ ಸಾರ್."

ಅವರು ಗಟ್ಟಿಯಾಗಿಯೇ ಓದಿದರು: "ಈ ಎತ್ತರದ ಸ್ವರ ಇವರ ಬೆರಳಿಗೆ ಎಟುಕುವುದಿಲ್ಲ. ಇಳಿಸಬೇಕು."

ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ವರ್ಷ ನಾವು ಚಪ್ಪಾಳೆ ಹೊಡೆದದ್ದು ಯಾರಿಗಮ್ಮ?" ಎಂದರು. ಹೊರಡುವಾಗ, "ಮುಖಪುಟಕ್ಕೆ ನಿಮ್ಮ ದೊಡ್ಡಮ್ಮನವರ ಫೋಟೊ ತೆಗೆಸಿ," ಎಂದು ಹೇಳಿ ಹೋದರು.

ವಾರದ ಮೇಲೆ ಕೊನೆಯ ಪ್ರೂಫನ್ನು ದೊಡ್ಡಮ್ಮನ ಮುಂದಿಟ್ಟೆ. ತನ್ನ ಹೆಸರನ್ನು ಬೆರಳಿಟ್ಟು ಎರಡು ಸಲ ಓದಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹಾಳೆ ಮಗುಚಿ, ಆರು ಸಲ ಬರೆದಿದ್ದ ಆ ಸಾಲಿನ ಮೇಲೆ ಬೆರಳು ನಿಲ್ಲಿಸಿದಳು.

"ಪೆನ್ಸಿಲ್ ಇದ್ಯೇನೇ?"

"ದೊಡ್ಡಮ್ಮ, ಇದು ಕೊನೇ ಪ್ರೂಫು!"

"ಗೊತ್ತು. ಅವರ ಬೆರಳಿಗೋಸ್ಕರ ಒಂದು ಸ್ವರ ಇಳಿಸಿದ್ದೆ. ಈಗ ಏರಿಸಬಹುದಲ್ಲ?"

ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಅವಳ ಕೈಗೆ ಕೊಟ್ಟೆ.