ಆಯೇಷಾಳ ಪಾಲಿನ ಔಷಧಿ

ರೋಷನ್ ಬೀ ಸೆರಗಿನ ಗಂಟು ಬಿಚ್ಚಿ, ಹೆಬ್ಬೆರಳಿನ ಗಾತ್ರದ ಗಾಜಿನ ಸೀಸೆಗಳನ್ನು ಒಂದೊಂದಾಗಿ ಮಂಚದ ಮೇಲಿಟ್ಟಳು. ತಳದಲ್ಲಿ ಬಿಳಿ ಪುಡಿ, ಬಾಯಿಗೆ ರಬ್ಬರಿನ ಮುಚ್ಚಳ. ಒಂದರ ಸೀಲೂ ಒಡೆದಿರಲಿಲ್ಲ.

"ಲೇಲೋ ಬೆಹೆನ್. ನಿನ್ ಮಗಂಗೂ ಇದೇ ಇಂಜೆಕ್ಷನ್ ಅಲ್ವಾ? ಹಾಕ್ಸು."

ಮುದ್ದಕ್ಕ ಕೈ ಚಾಚಲಿಲ್ಲ. ನಿನ್ನೆ ಬೆಳಿಗ್ಗೆ ಈ ಹೆಂಗಸಿನ ಮಗಳು ಆಯೇಷಾ ಪಕ್ಕದ ಮಂಚದಲ್ಲಿ ತೀರಿಕೊಂಡಿದ್ದಳು. ಮಣ್ಣು ಮಾಡಿದ ಮಾರನೆಯ ದಿನವೇ ತಾಯಿ ಮತ್ತೆ ವಾರ್ಡಿಗೆ ಬಂದು ನಿಂತಿದ್ದಾಳೆ. ಅತ್ತಿದ್ದರೆ ಮುದ್ದಕ್ಕನೂ ಜೊತೆಗೆ ಅತ್ತುಬಿಡುತ್ತಿದ್ದಳು. ಅಳದೆ ನಿಂತವಳಿಗೆ ಏನು ಹೇಳುವುದು?

ಮುದ್ದಕ್ಕ ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮಗ ಮಾರುತಿಗೆ ನ್ಯುಮೋನಿಯಾ ಆಗಿ, ಚಳ್ಳಕೆರೆಯ ಈ ಚಿಕ್ಕ ಮಕ್ಕಳಾಸ್ಪತ್ರೆಗೆ ತಂದು ಸೇರಿಸಿದ್ದಳು. ಮಗ್ಗದ ಮೇಲಿನ ಮದುವೆ ಸೀರೆ ಮುಗಿಸಿ ಬರುತ್ತೇನೆಂದ ಗಂಡನ ಸುಳಿವಿಲ್ಲ. ಜೊತೆಗಿದ್ದವಳು ಅತ್ತೆ ನಿಂಗಕ್ಕ. ಆಕೆ ಇದ್ದಲ್ಲಿ ಬೇರೆಯವರು ಬಾಯಿ ತೆರೆಯುವ ಅಗತ್ಯ ಬೀಳುತ್ತಿರಲಿಲ್ಲ. ಮಗುವಿಗೆ ಬೆಳಿಗ್ಗೆ ಸಂಜೆ ಇಂಜೆಕ್ಷನ್ ಬೀಳಬೇಕಿತ್ತು. ಆದರೆ ಲಾರಿ ಮುಷ್ಕರದಿಂದಾಗಿ ಊರಿನ ಯಾವ ಮೆಡಿಕಲ್ ಶಾಪಿನಲ್ಲೂ ಆ ಔಷಧಿ ಉಳಿದಿರಲಿಲ್ಲ. ಇದ್ದ ಕೊನೆಯದೂ ಬೆಳಿಗ್ಗೆ ಮುಗಿದಿತ್ತು. ಮಾರುತಿಯ ಪಕ್ಕೆ ಇನ್ನೂ ಉಸಿರಿಗೊಮ್ಮೆ ಒಳಗೆ ಎಳೆಯುತ್ತಿತ್ತು.

"ವದ್ದು," ಎಂದಳು ನಿಂಗಕ್ಕ. ಹೆದರಿಕೆಯಾದರೆ ಆಕೆಯ ಬಾಯಿಗೆ ತೆಲುಗು ಬರುತ್ತಿತ್ತು. "ವದ್ದೇ ಮುದ್ದಿ, ಬ್ಯಾಡ. ಅದು ಸತ್ತ ಕೂಸಿನ ಪಾಲು. ತನ್ ಪಾಲು ಹುಡುಕ್ಕೊಂಡು ಅದು ಬಂದೇ ಬರ್ತೈತೆ."

ಮುದ್ದಕ್ಕ ಮಗನ ಪಕ್ಕೆಯನ್ನು ನೋಡಿದಳು. "ಬಂದ್ರೆ ಬರ್ಲಿ ಅತ್ತೆ. ಇವ್ನು ಹೋದ್ರೆ ಏನ್ ಮಾಡ್ಲಿ?" ಎಂದು ಸೀಸೆಗಳನ್ನು ಬಾಚಿಕೊಂಡಳು. ಸಿಸ್ಟರ್ ಅವುಗಳ ತಾರೀಕು ಓದಿ, ಡಾಕ್ಟರನ್ನು ಕೇಳಿ ಬಂದು, ಆ ಸಂಜೆಯೇ ಮೊದಲನೆಯದನ್ನು ಒಡೆದಳು.

ಆ ಸೀಸೆಗಳು ಉಳಿದದ್ದು ಹೇಗೆಂದು ವಾರ್ಡಿಗೆಲ್ಲ ಗೊತ್ತಿತ್ತು. ಆಯೇಷಾಗೆ ಜ್ವರ ಬಿಟ್ಟದ್ದೇ ತಡ, ಕೋರ್ಸು ಮುಗಿಯುವ ಮೊದಲೇ ಅವಳಪ್ಪ ಬಾಬು ಸಾಬ್ ಹಟ ಹಿಡಿದು ಮನೆಗೆ ಕರೆದೊಯ್ದಿದ್ದ. ಮಾರುತಿಯನ್ನು ಸೇರಿಸಿದ ದಿನವೇ ಆ ಹುಡುಗಿ ನಗುನಗುತ್ತ, ಸಿಕ್ಕಸಿಕ್ಕವರಿಗೆಲ್ಲ ಟಾಟಾ ಮಾಡುತ್ತ ಹೊರಟಿದ್ದಳು. ಕೆಲವೇ ದಿನಗಳಲ್ಲಿ ತಿರುಗಿ ಬಂದಾಗ ಜ್ವರ ಹಳೆಯ ಔಷಧಿಗೂ ಬಗ್ಗಲಿಲ್ಲ, ಹೊಸದಕ್ಕೂ ಬಗ್ಗಲಿಲ್ಲ.

ಮೊದಲ ಸೀಸೆ ಒಡೆದಂದಿನಿಂದ ರೋಷನ್ ಬೀ ಹೊತ್ತುಹೊತ್ತಿಗೆ ಬರತೊಡಗಿದಳು. ಸಿಸ್ಟರ್ ಒಂದು ಹೊತ್ತು ಬೇಗ ಬಂದರೂ, ಇನ್ನೊಂದು ಹೊತ್ತು ತಡ ಮಾಡಿದರೂ, ಪುಡಿಗೆ ನೀರು ಬೆರೆಸುವ ಗಳಿಗೆಗೆ ಸರಿಯಾಗಿ ಅವಳು ಬಾಗಿಲಲ್ಲಿ ಇರುತ್ತಿದ್ದಳು. ಯಾರು ಹೇಳಿ ಕಳಿಸುತ್ತಿದ್ದರೋ! ಮಗುವಿನ ಮುಖ ನೋಡುತ್ತಿರಲಿಲ್ಲ, ಸಿರಿಂಜನ್ನೇ ನೋಡುತ್ತಿದ್ದಳು. ಔಷಧಿ ಇಳಿಯುತ್ತಿದ್ದಂತೆ ಅವಳ ಗಂಟಲು ಗುಟುಕು ನುಂಗುತ್ತಿತ್ತು.

"ಪೂರಾ ಹಾಕಿ ಸಿಸ್ಟರ್," ಅನ್ನುತ್ತಿದ್ದಳು. "ಒಂದ್ ಹನಿ ಬಿಡ್ಬೇಡಿ."

ಸೂಜಿ ಕಂಡರೆ ವಾರ್ಡು ಹಾರಿಹೋಗುವಂತೆ ಕಿರುಚುತ್ತಿದ್ದ ಮಾರುತಿ, ಅವಳು ಬಂದು ನಿಂತರೆ ತಾನೇ ಕೈ ಚಾಚುತ್ತಿದ್ದ. ಅದೂ ಅವಳ ಕಡೆಗೆ.

ಉಸಿರು ಹಗುರಾಯಿತು. ಜ್ವರ ಬಿಟ್ಟಿತು. ಒಂದು ಮಟಮಟ ಮಧ್ಯಾಹ್ನ ಮುದ್ದಕ್ಕ ತೂಕಡಿಕೆಯಿಂದ ಎಚ್ಚೆತ್ತರೆ, ಮಾರುತಿ ಹೊದಿಕೆಯಲ್ಲಿ ಮುಖ ಮುಚ್ಚಿಕೊಳ್ಳುವುದು, ಇಣುಕುವುದು, ಕಿಸಕ್ಕನೆ ನಗುವುದು ಮಾಡುತ್ತಿದ್ದ.

"ಯಾರ್ ಜೊತಿಗೆ ಆಡ್ತಿದೀಯೋ?"

"ಅಕ್ಕ," ಎಂದು ಹಾಸಿಗೆ ಸುತ್ತಿಟ್ಟಿದ್ದ ಪಕ್ಕದ ಮಂಚವನ್ನು ತೋರಿಸಿದ.

ಅಂದು ಸಂಜೆ ರೋಷನ್ ಬೀಯನ್ನು ಕಂಡು ಅವನು, "ಅಮ್ಮೀ," ಎಂದ. ಆಯೇಷಾಳ ಬಾಯಲ್ಲಿ ಕೇಳಿ ಕಲಿತಿದ್ದಾನು. ಮಕ್ಕಳು ಕಲಿಯದೆ ಇರುತ್ತಾರೆಯೇ? ಆದರೆ ರೋಷನ್ ಬೀ ತಡವರಿಸದೆ, "ಹಾ ಬೇಟಾ," ಎಂದು ಓಗೊಟ್ಟಳು. ಈ ಹೆಂಗಸು ಔಷಧಿ ಕೊಟ್ಟು ಮಗನನ್ನೇ ಕೊಂಡುಕೊಳ್ಳುತ್ತಿದ್ದಾಳೆ ಎನ್ನಿಸಿತು ಮುದ್ದಕ್ಕನಿಗೆ.

"ನಾನ್ ಹೇಳ್ಲಿಲ್ವಾ?" ನಿಂಗಕ್ಕ ಪಿಸುಗುಟ್ಟಿದಳು. "ಜ್ವರ ಬಿಟ್ಟೈತೆ. ನಾಳೆ ಸಂಜೆ ಅವ್ಳು ಬರೋದ್ರೊಳಗೆ ಹೊರಟುಬಿಡಣ."

ಮರುದಿನ ಬೆಳಗಿನ ಸೂಜಿಯಾದ ಮೇಲೆ ಇನ್ನೆರಡು ಸೀಸೆ ಉಳಿದಿದ್ದವು. ಕೋರ್ಸು ಮುಗಿಸಿಕೊಂಡೇ ಹೋಗಬೇಕೆಂದು ಸಿಸ್ಟರ್ ಬೈದಳು. ಮುದ್ದಕ್ಕ ತಲೆ ತಗ್ಗಿಸಿ ಬೈಸಿಕೊಂಡು, ಸೀಸೆಗಳನ್ನು ಅಲ್ಲೇ ಬಿಟ್ಟು, ಮಧ್ಯಾಹ್ನ ಇಳಿಯುವಾಗ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ಮೊಳಕಾಲ್ಮೂರಿನ ಬಸ್ಸು ಬಂತು. ನಿಂಗಕ್ಕ ಕಿಟಕಿಯಿಂದ ಗಂಟು ತೂರಿಸಿ ಸೀಟು ಹಿಡಿದು, ಅಲ್ಲಿ ಕುಳಿತಿದ್ದವರ ಜೊತೆ ಜಗಳವನ್ನೂ ಹಿಡಿದಳು. ಮಾರುತಿ ಬನ್ನು ತಿನ್ನುತ್ತ ನಗುತ್ತಿದ್ದ. ಹೋಗುವವರಿಗೆ, ಬರುವವರಿಗೆ, ಬೇಲಿಯ ಮೇಲಿನ ಕಾಗೆಗೆ, ಎಲ್ಲಕ್ಕೂ ಟಾಟಾ ಮಾಡುತ್ತಿದ್ದ. ಮೆಟ್ಟಿಲ ಮೇಲೆ ಕಾಲಿಟ್ಟ ಮುದ್ದಕ್ಕ ಹಾಗೇ ನಿಂತಳು. ಆ ನಗುವನ್ನು ಅವಳು ನೋಡಿದ್ದಳು, ವಾರ್ಡಿನ ಬಾಗಿಲಲ್ಲಿ.

"ಹತ್ತೇ ಮುದ್ದಿ! ಏನ್ ನೋಡ್ತೀಯಾ?"

"ಆ ಕೂಸೂ ಹಿಂಗೇ ನಗ್ತಾ ಹೋಗಿತ್ತು ಅತ್ತೆ," ಎಂದು ಮುದ್ದಕ್ಕ ಕಾಲು ಹಿಂದೆ ತೆಗೆದಳು. ನಿಂಗಕ್ಕ ಕೂಗುತ್ತಲೇ ಇದ್ದಳು. ಇವಳು ಅಷ್ಟು ದೂರ ಹೋಗಿಯಾಗಿತ್ತು.

ವಾರ್ಡಿನಲ್ಲಿ ಇಳಿಬಿಸಿಲು ಬಿದ್ದಿತ್ತು. ಮಾರುತಿಯ ಬರಿಮಂಚದ ಮೇಲೆ ರೋಷನ್ ಬೀ ಕುಳಿತಿದ್ದಳು, ಎರಡೂ ಸೀಸೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಇವರನ್ನು ಕಂಡು ದಡಬಡಿಸಿ ಎದ್ದು ಸೀಸೆಗಳನ್ನು ಮುಂದೆ ಚಾಚಿದಳು. ಹೀಗೆ ಖಾಲಿ ಮಂಚ ಕಾದು ಕುಳಿತವಳಿಗೆ ತಾನು ಇಷ್ಟು ದಿನ ಹೆದರಿದೆನಲ್ಲ ಎಂದು ಮುದ್ದಕ್ಕನಿಗೆ ನಾಚಿಕೆಯಾಯಿತು. ಆದರೂ ಹೆದರಿಕೆ ಪೂರ್ತಿ ಹೋಗಲಿಲ್ಲ, ಸುಳ್ಳೇಕೆ?

"ಕುತ್ಕೊಳ್ರಿ," ಎಂದು ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿದಳು. "ನೀವೇ ಹಿಡ್ಕೊಳ್ರಿ."

ಕೊನೆಯ ಸೀಸೆಯನ್ನು ಸಿಸ್ಟರ್ ಮರುದಿನ ಬೆಳಿಗ್ಗೆ ಒಡೆದಳು. ಮಾರುತಿ ಅವತ್ತೂ ಅಳಲಿಲ್ಲ.

"ಮುಗೀತಾ?" ರೋಷನ್ ಬೀ ಕೇಳಿದಳು.

"ಮುಗೀತು ಕಣಮ್ಮ. ಇನ್ನೇನಿಲ್ಲ."

ಅವಳು ಏಳಲಿಲ್ಲ. ಮುಂದಿನ ಹೊತ್ತಿಗೆ ಬರಲು ಅವಳಿಗೆ ಯಾವ ನೆಪವೂ ಉಳಿದಿರಲಿಲ್ಲ. ತೂಗಿ ತೂಗಿ ಮಾರುತಿಯನ್ನು ನಿದ್ದೆ ಬರಿಸಿ ಮಂಚದ ನಡುವೆ ಮಲಗಿಸಿದಳು. ಮಲಗಿದ್ದ ಮಗು ಕಣ್ಣು ಬಿಡದೆ, ಮೆಲ್ಲಗೆ ಗೋಡೆಯ ಕಡೆಗೆ ಸರಿದುಕೊಂಡು, ಅರ್ಧ ಮಂಚವನ್ನು ಖಾಲಿ ಬಿಟ್ಟಿತು. ರೋಷನ್ ಬೀ ಹೊದಿಕೆಯನ್ನು ಮಗುವಿನ ಮೇಲೆಳೆದು, ಆ ಖಾಲಿ ಜಾಗದ ಮೇಲೂ ಎಳೆದು, ಗಾಳಿ ನುಗ್ಗದಂತೆ ಅಂಚನ್ನು ಹಾಸಿಗೆಯಡಿಗೆ ಸಿಗಿಸಿದಳು.

ಬಸ್ಸಿನಿಂದಿಳಿದು ಬಂದು ರಾತ್ರಿಯೆಲ್ಲ ಗೊಣಗಿದ್ದ ನಿಂಗಕ್ಕ ಬಾಯಿ ತೆರೆದಳು. ಮುದ್ದಕ್ಕ ಅತ್ತೆಯ ಕೈ ಅದುಮಿ, ಎದ್ದು ಹೋಗಿ, ಮಗನ ತಲೆಯಡಿಯ ದಿಂಬನ್ನು ಎರಡು ತಲೆಗೂ ಸಾಲುವಂತೆ ಮೆಲ್ಲಗೆ ನಡುವಿಗೆ ಎಳೆದಿಟ್ಟಳು.