ಅಳತೆಗೆ ನಿಂತವನು

"ಮೊದಲು ಆ ಮನುಷ್ಯನನ್ನ ಅಳಿಸಿ ಹಾಕಮ್ಮಾ," ಎಂದ ಲೈಲ್. "ಎಲ್ಲರೂ ಮಾಡೋ ಮೊದಲನೇ ಕೆಲಸ ಅದು."

ಆರ್ಡಿಸಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಚೌಕುಳಿ ಅಂಗಿಯ ಗಂಡಸೊಬ್ಬ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದ. ನಕ್ಷೆ ಬಿಡಿಸುವ ಆ ಸಾಫ್ಟ್‌ವೇರನ್ನು ಯಾವಾಗ ತೆರೆದರೂ ಅವನು ಹಾಗೇ ನಿಂತಿರುತ್ತಿದ್ದ. ಮಾಡುವ ಸಾಮಾನು ಆಳಿನ ಮುಂದೆ ಎಷ್ಟೆತ್ತರ ಕಾಣುತ್ತದೆಂಬ ಅಂದಾಜು ಸಿಗಲಿ ಎಂದು ಕಂಪನಿಯವರೇ ನಿಲ್ಲಿಸಿದ್ದು. ಐದಡಿ ಹತ್ತಿಂಚು. ಅವನ ಪಕ್ಕದಲ್ಲಿ ಆರ್ಡಿಸ್ ಅಡುಗೆಮನೆಯ ಮೇಜೊಂದನ್ನು ಬಿಡಿಸುತ್ತ, ಅಳಿಸುತ್ತ, ಮತ್ತೆ ಬಿಡಿಸುತ್ತಿದ್ದಳು.

"ಇರಲಿ ಬಿಡಪ್ಪಾ. ಅವನೇನು ಊಟ ಕೇಳ್ತಾನಾ?"

"ನಾಳೆಯಿಂದ ಕೇಳ್ತಾನೆ," ಎಂದ ಮಿಲ್ಟ್, ಉಜ್ಜುತ್ತಿದ್ದ ಪೆಟ್ಟಿಗೆಯಿಂದ ತಲೆಯೆತ್ತದೆ. "ನಿನ್ನ ಪುಕ್ಕಟೆ ತಿಂಗಳು ಮುಗೀತು. ಇನ್ಮೇಲೆ ಅವನ ಮುಖ ನೋಡೋಕೆ ವರ್ಷಾ ವರ್ಷಾ ದುಡ್ಡು ಕಟ್ಟಬೇಕು. ನನ್ನ ಮೊದಲನೇ ಹೆಂಡತೀನೇ ಇದಕ್ಕಿಂತ ಅಗ್ಗ."

ಅಮೆರಿಕದ ಡುಲೂತ್ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಸೇರುವ ಮರಗೆಲಸದ ಗುಂಪಿನಲ್ಲಿ ನಗುವೆಂದರೆ ಮೂಗಿನಿಂದ ಹೊರಬರುವ ಗಾಳಿ. ಅದು ಬಂದು ಹೋಯಿತು. ತಟ್ಟೆಯಲ್ಲಿ ನಿಂಬೆ ಕೇಕಿನ ಕೊನೆಯ ತುಂಡಿತ್ತು. ಪೂರ್ತಿ ತಿಂದು ಆಸೆಬುರುಕ ಎನಿಸಿಕೊಳ್ಳಲು ಯಾರೂ ತಯಾರಿಲ್ಲದೆ, ಬಂದವರೆಲ್ಲ ಅರ್ಧ ಕತ್ತರಿಸಿಕೊಂಡು ಅರ್ಧ ಉಳಿಸಿ, ಈಗದು ಉಗುರಿನಷ್ಟಾಗಿತ್ತು.

ಆರ್ಡಿಸಳ ಗಂಡ ರೋಲಿನ್ ಹಿಂದಿನ ಚಳಿಗಾಲ ಮನೆ ಬಿಟ್ಟು ಹೋಗುವಾಗ, ತನ್ನ ತಾಯಿಯದೆಂದು ಊಟದ ಮೇಜನ್ನೂ ಹೊತ್ತೊಯ್ದಿದ್ದ. ಅಂದಿನಿಂದ ಅವಳು ಇಸ್ತ್ರಿ ಹಲಗೆಯ ಮೇಲೆ ತಟ್ಟೆಯಿಟ್ಟು ಉಣ್ಣುತ್ತಿದ್ದಳು. ಯಾರಾದರೂ ಕೇಳಿದರೆ, ಇದರ ಎತ್ತರ ಬೇಕಾದ ಹಾಗೆ ಏರಿಳಿಸಬಹುದು ಎಂದು ಹೇಳಲು ಸಿದ್ಧಳಾಗಿದ್ದಳು. ಕೇಳುವವರು ಬಂದಿರಲಿಲ್ಲ.

ಲೈಲ್ ಬೇರೊಂದು ಸಾಫ್ಟ್‌ವೇರು ಹಾಕಿಕೊಟ್ಟ. "ಇದು ಸಾಯೋವರೆಗೂ ಪುಕ್ಕಟೆ. ಮೇಜು ಬಿಡಿಸು, ಕಪಾಟು ಬಿಡಿಸು, ಪುರಸೊತ್ತಿದ್ರೆ ನಿನ್ನ ಶವಪೆಟ್ಟಿಗೇನೂ ಬಿಡಿಸ್ಕೋ."

ಪರದೆ ತೆರೆಯಿತು. ಬೂದು ಬಣ್ಣದ ಚೌಕಚೌಕ ಗೆರೆಗಳು, ಹೆಪ್ಪುಗಟ್ಟಿದ ಸರೋವರದ ಹಾಗೆ, ಎತ್ತ ಸರಿಸಿದರೂ ದಡವಿಲ್ಲ.

"ಇದರಲ್ಲಿ ಯಾರೂ ಇಲ್ವಾ?"

"ಯಾರಿರಬೇಕಿತ್ತು?"

"ಯಾರೂ ಬೇಡ. ಸುಮ್ಮನೆ ಕೇಳ್ದೆ."

ಮುಂದಿನ ಶನಿವಾರ ಅವಳು ನಕ್ಷೆ ಮುಗಿಸಿಕೊಂಡು ಬಂದಳು. ಲೈಲ್ ಪರದೆ ನೋಡಿ ಅಳತೆ ಹಾಕುತ್ತ ಗರಗಸದ ಯಂತ್ರದಲ್ಲಿ ಓಕ್ ಮರ ಕೊಯ್ದ. ನಾಲ್ಕು ಕಾಲು. ಮೇಲ್ಮೈಯ ಹಲಗೆಗಳು. ಆಮೇಲೆ ಯಂತ್ರ ನಿಲ್ಲಿಸಿದ.

"ಇದೇನಿದು? ಮೇಜಿನ ಪಕ್ಕ ಹಲಗೆಯೊಂದು ನೆಟ್ಟಗೆ ನಿಂತಿದೆ. ಯಾವುದಕ್ಕೂ ಜೋಡಿಸಿಲ್ಲ. ತಪ್ಪಿ ಬಂದಿರಬೇಕು, ಅಳಿಸ್ಲಾ?"

ಮಿಲ್ಟ್ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಐದಡಿ ಹತ್ತಿಂಚು," ಎಂದು ಓದಿದ. ತಮಾಷೆಗೆಂದು ತೆರೆದ ಬಾಯಿಗೆ ಕಾಫಿ ಸುರಿದು ಮುಚ್ಚಿಕೊಂಡ.

"ಕೊಯ್ದುಬಿಡು ಲೈಲ್," ಎಂದಳು ಆರ್ಡಿಸ್. "ಅದೂ ಬೇಕು."

ಲೈಲ್ ಕೊಯ್ದ. ಯಾರೂ ಹೇಳದಿದ್ದರೂ ಅದರ ಮೇಲ್ತುದಿಯ ಮೂಲೆಗಳೆರಡನ್ನೂ ಉಜ್ಜಿ ದುಂಡಗೆ ಮಾಡಿದ.

ಮೇಲ್ಮೈಯ ಹಲಗೆಗಳೆಲ್ಲ ಕಾರಿನ ಹಿಂಬದಿಯಲ್ಲಿ ಹಿಡಿದವು. ಉದ್ದದ ಹಲಗೆ ಮಾತ್ರ ಹಿಡಿಯಲಿಲ್ಲ. ಪಕ್ಕದ ಸೀಟನ್ನು ಹಿಂದಕ್ಕೆ ಬಾಗಿಸಿ ಅದನ್ನು ಒರಗಿಸಿದರು. ಜಾರದಂತೆ ಬುಡಕ್ಕೆ ಮೇಜಿನ ಕಾಲುಗಳನ್ನು ಒತ್ತಾಗಿ ಪೇರಿಸಿದರು. ಲೈಲ್ ಕಾರಿನ ಚಾವಣಿ ತಟ್ಟಿ ಒಳಗೆ ಹೋದ.

ಅವಳು ಗಾಡಿ ಹೊರಡಿಸಿದ ಕೂಡಲೇ ಗಂಟೆ ಹೊಡೆದುಕೊಳ್ಳತೊಡಗಿತು. ಸೀಟಿನ ಮೇಲಿನ ಭಾರ ಕಂಡು ಕಾರು, ಯಾರೋ ಕೂತಿದ್ದಾರೆ, ಬೆಲ್ಟು ಹಾಕಿಲ್ಲ ಎಂದುಕೊಂಡಿತ್ತು. ಅವಳು ಕೇಳಿಸದವಳಂತೆ ಇಳಿಜಾರಿನ ಕೊನೆಯವರೆಗೂ ಬಂದಳು. ಗಂಟೆ ಬಿಡಲಿಲ್ಲ. ಹಿಮದ ರಾಶಿಯ ಪಕ್ಕಕ್ಕೆ ಗಾಡಿ ನಿಲ್ಲಿಸಿ, ಆಚೆ ಬಗ್ಗಿ, ಬೆಲ್ಟನ್ನು ಹಲಗೆಯ ಮೇಲಿಂದ ಎಳೆದು ಸಿಕ್ಕಿಸಿದಳು.

ಸದ್ದು ನಿಂತಿತು. ಮನೆಯವರೆಗಿನ ತಿರುವುಗಳಲ್ಲೆಲ್ಲ ಅವಳು ಮೆಲ್ಲಗೆ ಓಡಿಸಿದಳು.