ಬೀರಣ್ಣ ಒಳಗೆ ಬಿಟ್ಟು ಬಂದದ್ದು

‘ಚಟ್ಟಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ!’

ಸಾವಂತ್ರವ್ವ ಅಂಗಳದ ಬಾಗಿಲಿಗೆ ಅಡ್ಡ ನಿಂತದ್ದು ಅಳುತ್ತ ಅಲ್ಲ, ಸಿಟ್ಟಿನಿಂದ. ಅತ್ತಳು ಅಂತ ನಿಮಗೆ ಯಾರೋ ಹೇಳಿರಬೇಕು. ‘ಅಜ್ಜನಿಗೆ ಅರಳುಮರಳು, ಒಂದಕ್ಕೊಂದು ಕೂಡಿಸಿ ಹೇಳುತ್ತಾನೆ’ ಎಂದು ನನ್ನನ್ನು ನೋಡಿ ನಗುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಅವಳ ಕೈಯಲ್ಲಿ ಕಸಬರಿಗೆ ಇತ್ತು. ಗಂಡನ ಹೆಣದ ಮುಂದೆ ಕಸಬರಿಗೆ ಹಿಡಿದು ನಿಂತ ಹೆಂಗಸನ್ನು ಕಂಡವನು ಯಾವನಾದರೂ ಮರೆಯುತ್ತಾನೆಯೇ?

ಬೀರಣ್ಣನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ಭಂಡಾರದ ಅರಿಶಿಣ. ಘೋಣಸಗಿಯ ಅರ್ಧ ಊರು ಮಣ್ಣಿಗೆ ಬಂದಿತ್ತು. ಹೊಲದಲ್ಲಿ ಕುಣಿ ತೋಡಿದ್ದೂ ಆಗಿತ್ತು.

‘ವೈನಿ, ಬಿಸಲ ಏರಾಕತ್ತೈತಿ’ ಎಂದ ಬೀರಣ್ಣನ ತಮ್ಮ ಸುಭಾಷ. ‘ಪರಊರ ಮಂದಿ ಬಸ್ ಹಿಡೀಬೇಕು.’

‘ನಿಮ್ಮಣ್ಣ ಒಳಗ ಏನ ಬಿಟ್ಟ ಬಂದಾನ, ಅದನ್ನ ಹೇಳು ಮೊದಲ. ತಿಳಿಯೂತನಕಾ ಮಣ್ಣ ಕೊಡಾಕ ಬಿಡಂಗಿಲ್ಲ ನಾ.’

ಬೀರಣ್ಣ ತಿಕೋಟಾದ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ವಾಚ್‌ಮನ್. ಸುತ್ತಲಿನವರ ಒಣದ್ರಾಕ್ಷಿಯೆಲ್ಲ ಅಲ್ಲೇ ತಂಪಿನಲ್ಲಿರುತ್ತದೆ. ಹಿಂದಿನ ಸಂಜೆ ಎದೆ ಹಿಡಿದುಕೊಂಡು ಮನೆಯಲ್ಲೇ ಕುಸಿದಾಗ ತಮ್ಮನ ಕಿವಿಯಲ್ಲಿ ಹೇಳಿದ್ದು ಇಷ್ಟೇ: ‘ಒಳಗ ಬಿಟ್ಟ ಬಂದೇನಿ. ಯುಗಾದಿ ಮುಂದ ಹೊರಗ ತಗೀಬೇಕು. ಸಾವಂತ್ರಿಗೆ ಹೇಳಬ್ಯಾಡ.’

ಸಾವಂತ್ರಿ ನೀರಿನ ತಂಬಿಗೆ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದಳು.

ಒಳಗೆ ಎಂದರೆ ಎಲ್ಲಿ? ಜೋಳದ ಕಣಜ ನೋಡಿದರು. ದನದ ಕೊಟ್ಟಿಗೆ ನೋಡಿದರು. ಬಬಲೇಶ್ವರದಿಂದ ಓಡಿ ಬಂದ ಮಗಳು ಲಲಿತಾ ಅಪ್ಪನ ಟ್ರಂಕು ಬೋರಲು ಹಾಕಿದಳು. ಎರಡು ಧೋತರ, ಒಂದು ಟಾರ್ಚು.

ಭಜನೆಯ ಮಾಳು ತಾಳ ನಿಲ್ಲಿಸಿ, ‘ಒಳಗ ಅಂದ್ರ ಆತ್ಮ ಲೇ. ಹೊರಗ ತಗಿಯಾಂವ ಮ್ಯಾಲ ಅದಾನ’ ಎಂದ.

‘ಆತ್ಮ ಯುಗಾದಿತನಕಾ ಯಾಕ ಕಾಯಬೇಕಲೇ? ನೀ ತಾಳ ಬಾರಿಸು’ ಎಂದ ಸುಭಾಷ.

ಮೂಲೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟಿದಳು: ‘ತಿಕೋಟಾದಾಗ ಏನೋ ಐತೇಳ ಬೇ. ಸುಟ್ಟಿ ಇದ್ರೂ ಐತವಾರ ಹೋಗತಿದ್ದ.’

ಅದು ಸಾವಂತ್ರವ್ವನಿಗೂ ಕೇಳಿಸಿತು. ಕಸಬರಿಗೆ ಕೈಗೆ ಬಂದದ್ದು ಆಗಲೇ.

*

ಹಿಂದೊಮ್ಮೆ ಒಣದ್ರಾಕ್ಷಿ ಹೇರಿಕೊಂಡು ಉತ್ತರಕ್ಕೆ ಹೋದ ಲಾರಿ ಡ್ರೈವರನೊಬ್ಬ ಹಿಮಾಚಲದಿಂದ ಒಂದು ಸಸಿ ತಂದುಕೊಟ್ಟಿದ್ದ. ಪರ್ಸಿಮನ್ ಅಂತ ಹೆಸರು. ಅಲ್ಲಿಯವರು ಜಪಾನಿ ಫಲ ಅನ್ನುತ್ತಾರಂತೆ. ಬೀರಣ್ಣ ಮನೆಯ ನೀಲಿ ಡ್ರಮ್ಮು ಅರ್ಧಕ್ಕೆ ಕೊಯ್ದು, ಮಣ್ಣು ಗೊಬ್ಬರ ತುಂಬಿ, ಹಿತ್ತಲಲ್ಲಿ ನೆಟ್ಟ. ವರ್ಷಗಟ್ಟಲೆ ಕಾದ ಮೇಲೆ ಒಂದೇ ಒಂದು ಹಣ್ಣು ಬಿಟ್ಟಿತು, ಟೊಮ್ಯಾಟೊ ಹಾಗೆ ದುಂಡಗೆ, ಕೇಸರಿ ಬಣ್ಣ.

ಅವನು ಕೆಲಸಕ್ಕೆ ಹೋದಾಗ ಸಾವಂತ್ರವ್ವ ಅದನ್ನು ಹರಿದು ಕಚಕ್ಕನೆ ಕಚ್ಚಿದಳು. ಬಾಯಿಯೊಳಗೆ ಫಟಕಡಿ ತುಂಬಿದ ಹಾಗೆ ಒಗರಾಯಿತು. ನಾಲಿಗೆ ಅಂಗುಳಕ್ಕೆ ಅಂಟಿ ಮಾತೇ ಹೊರಡಲೊಲ್ಲದು. ಸಂಜೆ ಬಂದ ಬೀರಣ್ಣ ಬಿದ್ದು ಬಿದ್ದು ನಕ್ಕ.

‘ಇಷ್ಟ ವರ್ಷ ನನ್ನ ಕೈಲೆ ಆಗಲಾರದ್ದು ಒಂದ ಹಣ್ಣ ಮಾಡ್ತ ನೋಡ್ರಪಾ! ಏ ಹುಚ್ಚಿ, ಮೆತ್ತಗಾದ ಮ್ಯಾಲ ತಿನ್ನಬೇಕ ಅದನ್ನ. ಸಕ್ರಿ ಆಗತೈತಿ.’

ಓಣಿಗೆ ಓಣಿಯೇ ನಕ್ಕಿತು. ಮಾತು ಬಂದ ತಕ್ಷಣ ಅವಳು ಆಡಿದ್ದು ಒಂದೇ ಮಾತು: ‘ಮನ್ಯಾಗ ಆ ಗಿಡಾ ಇರಬೇಕು, ಇಲ್ಲಾ ನಾ ಇರಬೇಕು.’

ಮರುದಿನ ಡ್ರಮ್ಮು ಟಂಟಂ ರಿಕ್ಷಾ ಏರಿತು. ‘ಒಗದ ಬಂದೆ’ ಎಂದ. ಅಲ್ಲಿಗೆ ಅದು ಮುಗಿಯಿತೆಂದು ಅವಳು ತಿಳಿದಿದ್ದಳು.

*

ಕೋಲ್ಡ್ ಸ್ಟೋರೇಜಿನ ಮಷೀನು ನೋಡಿಕೊಳ್ಳುವ ರಿಯಾಜ ಬೈಕಿನಿಂದ ಇಳಿದು ಮಾಲೆ ಹಾಕಲು ಬಂದ. ಕಸಬರಿಗೆ ಅವನ ಎದೆಗೆ ನೆಟ್ಟಿತು.

‘ನಿನಗ ಗೊತ್ತೈತಿ. ಹೇಳು.’

‘ಅಕ್ಕಾ... ಬೀರಣ್ಣಾ ಆಣಿ ಹಾಕಿಸ್ಯಾನ್ರಿ.’

‘ಆಣಿ ಹಾಕಿಸಿದಾಂವ ಅಲ್ಲೇ ಕುಂತಾನ. ಕೇಳು. ಬ್ಯಾಡ ಅಂದ್ರ ಬಿಡು.’

ರಿಯಾಜ ನಿಜವಾಗಿಯೂ ಬೀರಣ್ಣನ ಕಡೆ ನೋಡಿದ. ಆಮೇಲೆ ತಲೆ ಕೆಳಗೆ ಹಾಕಿ, ‘ನಡೀರಿ, ತೋರಸ್ತೀನಿ’ ಎಂದ.

‘ಹೆಣಾ ಬಿಟ್ಟ ಹೋಗ್ತಿ ಏನ ವೈನಿ?’ ಸುಭಾಷ ಬಾಯಿ ಬಿಟ್ಟ.

‘ಅಂವ ದಿನಾ ನನ್ನ ಬಿಟ್ಟ ಹೋಗತಿದ್ದ. ಇವತ್ತೊಂದಿನಾ ಅಂವ ಕಾಯಲಿ.’

ಲಲಿತಾಳನ್ನು ಕರೆದುಕೊಂಡು ಟಂಟಂ ಹತ್ತಿದಳು. ದಾರಿಯುದ್ದಕ್ಕೂ ರಿಯಾಜನ ಬೈಕಿನ ಬೆನ್ನನ್ನೇ ನೋಡುತ್ತ ಬಂದಳು. ಹೆಂಗಸೇ? ಕೂಸೇ? ಬಾಗಿಲು ತೆರೆದರೆ ಯಾವ ಮುಖ ನೋಡಬೇಕೋ?

ದಪ್ಪ ಬಾಗಿಲು ತೆರೆಯಿತು. ಹೊಗೆಯಂತಹ ತಂಪು ಕಾಲಿಗೆ ಸುತ್ತಿಕೊಂಡಿತು. ಒಣದ್ರಾಕ್ಷಿ ಬಾಕ್ಸುಗಳ ಸಾಲು ದಾಟಿ ಮೂಲೆಯಲ್ಲಿ ರಿಯಾಜ ಟಾರ್ಚು ಹಿಡಿದ. ನೀಲಿ ಡ್ರಮ್ಮು. ಹಿಂದೊಮ್ಮೆ ಅವಳೇ ಡಾಂಬರು ಹಚ್ಚಿ ಮುಚ್ಚಿದ್ದ ತೂತು. ಅದರೊಳಗೆ ಗೋಣಿತಟ್ಟು ಸುತ್ತಿದ, ಒಂದು ಎಲೆಯೂ ಇಲ್ಲದ ಬೋಳು ಗಿಡ.

‘ಇದನ್ನ ಒಗದಿದ್ದನಲ್ಲೋ. ಸತ್ತೈತಿ ಇದು.’

‘ಸತ್ತಿಲ್ರಿ, ಮಲಗೈತಿ. ಇದಕ ನಮ್ಮ ಕಡಿ ಚಳಿ ಸಾಲಂಗಿಲ್ಲಂತ. ಎಲಿ ಉದುರಿದ ಮ್ಯಾಲ ಒಳಗ ತಂದ ಇಡತಿದ್ದ, ಯುಗಾದಿ ಮುಂದ ಹೊರಗ ತಗೀತಿದ್ದ. ಬ್ಯಾಸಗಿಗೆ ಇಲ್ಲೇ ಸ್ಟೋರೇಜಿನ ಹಿತ್ತಲಾಗ, ಮಷೀನ್ ನೀರ ಸೋರೂ ನೆಳ್ಳಾಗ. ಐತವಾರ ಬಂದ್ರೂ ಇದರ ಮುಂದ ಕುಂದರತಿದ್ದ.’

‘ಯಾಕ?’

ರಿಯಾಜ ಲಲಿತಾಳ ಮುಖ ನೋಡಿ ತಡವರಿಸಿದ. ‘ಒಂದ ಹಣ್ಣರೆ ಪೂರಾ ಮೆತ್ತಗ ಮಾಡಿ ನಿಮಗ ತಿನ್ನಸಬೇಕಂತ. ಹೋದ ಸಲ ಬಂದಿದ್ವು, ಗಿಳಿ ತಿಂದ್ವು. ಈ ಸಲ ಜಾಳಗಿ ತರತೀನಿ ಅಂದಿದ್ದ.’

ಸಾವಂತ್ರವ್ವ ಗೋಣಿತಟ್ಟು ಸರಿಸಿ, ತೊಗಟೆಯನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ನೋಡಿ, ಮತ್ತೆ ಸುತ್ತಿದಳು.

*

ಟಂಟಂನಿಂದ ಡ್ರಮ್ಮು ಇಳಿದಾಗ ಯಾರಿಗೂ ತಲೆಬುಡ ತಿಳಿಯಲಿಲ್ಲ.

‘ಒಣಗಿದ ಗಿಡಾ ಹೆಣದ ಹಿಂದ ಒಯ್ಯೂದು ಯಾವ ಪದ್ಧತಿ ಬೇ?’ ಎಂದ ಮಾಳು.

‘ನೀ ಸುಮ್ಕ ಹಾಡು.’

ಚಟ್ಟ ಎದ್ದಿತು. ಹಿಂದೆ ಸುಭಾಷ, ರಿಯಾಜ ಡ್ರಮ್ಮು ಹೊತ್ತರು. ಯಾಕೆ ಹೊತ್ತಿದ್ದೇನೆ ಎಂದು ಸುಭಾಷನಿಗೆ ಹೊಲ ಮುಟ್ಟುವವರೆಗೂ ತಿಳಿಯಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಟ್ಟರು, ಅವಳೂ ಕೊಟ್ಟಳು.

ಮಂದಿ ಕೈಕಾಲು ತೊಳೆಯಲು ಬಾವಿಯ ಕಡೆ ಹೊರಟಾಗ ರಿಯಾಜ ಮೆಲ್ಲಗೆ ಹೇಳಿದ: ‘ಅಕ್ಕಾ, ಮಲಗಿ ಎದ್ದದ್ದಕ್ಕ ಒಮ್ಮಿಲೆ ಬಿಸಲ ಬ್ಯಾಡ್ರಿ. ಸಾವಕಾಶ.’

ಲಲಿತಾ ತಿರುಗಿ ನೋಡಿದಾಗ ಹಸಿ ಮಣ್ಣಿನ ಪಕ್ಕ ಅವ್ವ ಎರಡೂ ಕೈ ಮೇಲೆತ್ತಿ ಗೋಣಿತಟ್ಟು ಅಗಲಿಸಿ ಹಿಡಿದಿದ್ದಳು. ತಾನು ಉರಿಬಿಸಿಲಲ್ಲಿ, ಬೋಳು ಗಿಡ ನೆರಳಲ್ಲಿ.

ಘೋಣಸಗಿ ದಾರಿ ಹಿಡಿಯುವವರಿಗೆಲ್ಲ ಇದನ್ನು ಮುಟ್ಟಿಸಿ. ಬೀರಣ್ಣನ ಹೊಲದಲ್ಲಿ ಡ್ರಮ್ಮಿನೊಳಗೆ ನಿಂತ ಕಟ್ಟಿಗೆ ಒಣಗಿದ್ದಲ್ಲ, ಉರುವಲಿಗೆ ಮುರಿಯಬೇಡಿ. ಹಣ್ಣು ಕಂಡರೂ ಮೆತ್ತಗಾಗುವ ತನಕ ಕೈ ಹಚ್ಚಬೇಡಿ. ಕಸಬರಿಗೆ ಇನ್ನೂ ಅವಳ ಕೈಯಲ್ಲೇ ಇದೆ.